ಎಐಗೆ ಸರಿಯಾಗಿ ಪ್ರಶ್ನೆ ಕೇಳೋದು: ಮಕ್ಕಳಿಗೆ ಮನೆಯಲ್ಲೇ ಕಲಿಸುವ ಬಗೆ

ಏಳನೇ ಕ್ಲಾಸಿನ ಮಗುವಿಗೆ ಕಿತ್ತೂರು ಚೆನ್ನಮ್ಮನ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದಾರೆ ಅಂದುಕೊಳ್ಳಿ. ಮಗು ಅಪ್ಪನ ಮೊಬೈಲ್ ತಗೊಂಡು, ಎಐ ಆ್ಯಪ್ ತೆರೆದು, ‘ಚೆನ್ನಮ್ಮ’ ಅಂತ ಒಂದೇ ಪದ ಟೈಪ್ ಮಾಡುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದೂವರೆ ಪುಟ ಬಂದು ಬೀಳುತ್ತದೆ. ಅದನ್ನು ನೋಡಿಕೊಂಡು ಬರೆದರೆ ಪ್ರಾಜೆಕ್ಟ್ ಮುಗೀತು. ಮರುದಿನ ‘ಆಕೆ ಬ್ರಿಟಿಷರ ವಿರುದ್ಧ ಯಾಕೆ ನಿಂತಳು?’ ಅಂತ ಕೇಳಿದರೆ ಮಗು ಬೆಬ್ಬೆಬ್ಬೆ ಅನ್ನುತ್ತದೆ.

ಮೊಬೈಲ್ ಕಿತ್ತಿಟ್ಟರೆ ಇದು ಸರಿಹೋಗುವುದಿಲ್ಲ. ಇವತ್ತಲ್ಲ ನಾಳೆ ಆ ಮಗು ಎಐ ಬಳಸಿಯೇ ಬಳಸುತ್ತದೆ. ನಾವು ಮಾಡಬಹುದಾದ ದೊಡ್ಡ ಉಪಕಾರ ಅಂದರೆ ಪ್ರಶ್ನೆ ಕೇಳುವುದನ್ನು ಕಲಿಸುವುದು. ಸ್ಪಷ್ಟವಾದ ಪ್ರಶ್ನೆ ಕೇಳಬೇಕಾದರೆ ಮಗು ಮೊದಲು ‘ನನಗೆ ಏನು ಗೊತ್ತಿದೆ, ಎಲ್ಲಿಂದ ಮುಂದೆ ಗೊತ್ತಾಗುತ್ತಿಲ್ಲ’ ಅಂತ ಯೋಚಿಸಬೇಕಾಗುತ್ತದೆ. ಅರ್ಧ ಕಲಿಕೆ ಆಗುವುದೇ ಅಲ್ಲಿ. ಅದಕ್ಕೇ ರೆಡಿಮೇಡ್ ಪ್ರಶ್ನೆಗಳ ಪಟ್ಟಿ ಕೊಟ್ಟು ‘ಇದನ್ನೇ ಟೈಪ್ ಮಾಡು’ ಅನ್ನುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಪ್ರಶ್ನೆ ಮಗುವಿನದ್ದೇ ಆಗಿರಬೇಕು. ನಾವು ಪಕ್ಕದಲ್ಲಿ ಕೂತಿದ್ದರೆ ಸಾಕು.

ಶುರು ಮಾಡುವ ಮೊದಲು

ಯಾರ ಖಾತೆ, ಯಾವ ವಯಸ್ಸು ಅನ್ನುವುದನ್ನು ನೋಡಿಕೊಳ್ಳಿ. ಚಾಟ್‌ಜಿಪಿಟಿಯ ನಿಯಮದ ಪ್ರಕಾರ 13 ವರ್ಷ ಆಗಿರಬೇಕು, 18 ತುಂಬುವವರೆಗೆ ತಂದೆ ತಾಯಿಯ ಒಪ್ಪಿಗೆ ಬೇಕು. ಕ್ಲಾಡ್ ಅನ್ನುವ ಇನ್ನೊಂದು ಎಐ ಆ್ಯಪ್ 18 ದಾಟಿದವರಿಗೆ ಮಾತ್ರ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲೂ 18ರ ಒಳಗಿನವರೆಲ್ಲ ಮಕ್ಕಳೇ. ಹಾಗಾಗಿ ಸುಳ್ಳು ಹುಟ್ಟಿದ ತಾರೀಖು ಹಾಕಿ ಮಗುವಿಗೆ ಖಾತೆ ಮಾಡಿಕೊಡಬೇಡಿ. ಸಣ್ಣ ಮಕ್ಕಳಾದರೆ ನಿಮ್ಮ ಫೋನು, ನಿಮ್ಮ ಖಾತೆ, ನಿಮ್ಮ ಬೆರಳು. ಮಗು ಪ್ರಶ್ನೆ ಹೇಳಲಿ, ನೀವು ಟೈಪ್ ಮಾಡಿ. ಆದರೆ ಮಗು ಹೇಳಿದ್ದನ್ನು ಹೇಳಿದ ಹಾಗೇ ಟೈಪ್ ಮಾಡಿ, ನಡುವೆ ತಿದ್ದಬೇಡಿ. ಪ್ರಶ್ನೆ ಸರಿಯಿಲ್ಲದಿದ್ದರೆ ಉತ್ತರವೇ ಅದನ್ನು ತೋರಿಸಿಕೊಡುತ್ತದೆ.

ಹೆಜ್ಜೆ 1: ಮೊದಲ ಪಾಠಕ್ಕೆ ಫೋನ್ ಬೇಡ

ಎರಡು ಹಾಳೆ, ಎರಡು ಪೆನ್ಸಿಲ್ ತಗೊಳ್ಳಿ. ನೀವೂ ಮಗುವೂ ಬೆನ್ನಿಗೆ ಬೆನ್ನು ಕೊಟ್ಟು ಕೂತುಕೊಳ್ಳಿ. ಮಗು ತನ್ನ ಹಾಳೆಯಲ್ಲಿ ಒಂದು ಸುಲಭದ ಚಿತ್ರ ಬರೆಯಲಿ. ಒಂದು ಮನೆ, ಒಂದು ತೆಂಗಿನ ಮರ, ಒಂದು ಹಸು, ಅಷ್ಟು ಸಾಕು. ಆಮೇಲೆ ನಿಮಗೆ ಚಿತ್ರ ತೋರಿಸದೆ ಬರೀ ಬಾಯಿಮಾತಿನಲ್ಲಿ ವಿವರಿಸಬೇಕು. ನೀವು ಏನೂ ಕೇಳುವ ಹಾಗಿಲ್ಲ, ಹೇಳಿದಷ್ಟನ್ನೇ ಬರೆಯಬೇಕು.

‘ಒಂದು ಮನೆ ಬರಿ. ಪಕ್ಕದಲ್ಲಿ ಮರ ಬರಿ’ ಅನ್ನುತ್ತದೆ ಮಗು. ಯಾವ ಪಕ್ಕ ಅಂತ ಹೇಳಲಿಲ್ಲ. ನೀವು ಬಲಕ್ಕೆ ಬರೆಯುತ್ತೀರಿ, ಮಗುವಿನ ಹಾಳೆಯಲ್ಲಿ ಅದು ಎಡಕ್ಕಿದೆ. ತೆಂಗು ಅಂತಲೂ ಹೇಳಲಿಲ್ಲ, ನೀವು ಮಾವಿನ ಮರ ಬರೆದಿದ್ದೀರಿ. ಎರಡೂ ಹಾಳೆ ಅಕ್ಕಪಕ್ಕ ಇಟ್ಟಾಗ ಮಗು ನಗುತ್ತದೆ, ಜೊತೆಗೆ ‘ಅಯ್ಯೋ, ನಾನು ತೆಂಗು ಅಂತ ಹೇಳಲೇ ಇಲ್ಲ’ ಅಂತ ತಾನೇ ಕಂಡುಕೊಳ್ಳುತ್ತದೆ. ಆ ಮಾತು ಮಗುವಿನ ಬಾಯಿಂದ ಬರಲಿ. ನೀವಾಗಿ ಹೇಳಬೇಡಿ.

ಎರಡನೇ ಸುತ್ತಿನಲ್ಲಿ ನೀವು ಪ್ರಶ್ನೆ ಕೇಳಬಹುದು. ‘ಹಸು ಎಷ್ಟು ದೊಡ್ಡದು?’ ‘ಮುಖ ಯಾವ ಕಡೆ?’ ಈ ಸಲ ಚಿತ್ರ ಬಹಳಷ್ಟು ಹೋಲುತ್ತದೆ. ಮೂರನೇ ಸುತ್ತಿನಲ್ಲಿ ಮತ್ತೆ ನೀವು ಬಾಯಿ ಮುಚ್ಚಿಕೊಳ್ಳಿ. ಈಗ ಮಗು ನೀವು ಕೇಳಬಹುದಾದ ಪ್ರಶ್ನೆಗಳನ್ನು ಮೊದಲೇ ಊಹಿಸಿ, ಉತ್ತರ ಸೇರಿಸಿಯೇ ಹೇಳುತ್ತದೆ. ಎಐ ಜೊತೆ ಬೇಕಾಗುವುದು ಇದೇ ಅಭ್ಯಾಸ. ಒಂದೆರಡು ವಾರ ಆಗಾಗ ಈ ಆಟ ಆಡಿ.

ಹೆಜ್ಜೆ 2: ಈ ಯಂತ್ರ ಏನು ಮಾಡುತ್ತದೆ ಅಂತ ತಿಳಿಸಿ

ಎಐ ಒಳಗೆ ಎಲ್ಲ ಗೊತ್ತಿರುವ ಯಾರೋ ಕೂತಿದ್ದಾರೆ ಅಂತ ಮಕ್ಕಳು ನಂಬಿಬಿಡುತ್ತಾರೆ. ಸರಳವಾಗಿ ಹೀಗೆ ಹೇಳಿ: ಇದಕ್ಕೆ ರಾಶಿ ರಾಶಿ ಬರಹ ಓದಿಸಿದ್ದಾರೆ. ನೀನು ಕೇಳಿದಾಗ, ಆ ಬರಹಗಳಲ್ಲಿ ಯಾವ ಪದದ ನಂತರ ಯಾವ ಪದ ಬರುತ್ತದೆ ಅನ್ನುವ ಲೆಕ್ಕದ ಮೇಲೆ ಒಂದೊಂದೇ ತುಣುಕು ಜೋಡಿಸಿ ಉತ್ತರ ಕಟ್ಟುತ್ತದೆ. ಅದಕ್ಕೆ ನಿನ್ನ ಮುಖ ಕಾಣುವುದಿಲ್ಲ. ನೀನು ಯಾವ ಕ್ಲಾಸು, ಟೀಚರ್ ಏನು ಹೇಳಿದ್ದಾರೆ, ಪುಸ್ತಕದಲ್ಲಿ ಏನಿದೆ, ಯಾವುದೂ ಗೊತ್ತಿಲ್ಲ. ನೀನು ಬರೆದಷ್ಟೇ ಅದರ ಮುಂದಿರುವುದು.

ಅಂಗಡಿಗೆ ಹೋಗಿ ‘ಎಣ್ಣೆ ಕೊಡಿ’ ಅಂದರೆ ಅಂಗಡಿಯವರು ‘ಕೊಬ್ಬರಿ ಎಣ್ಣೆನಾ, ಕಡಲೆ ಎಣ್ಣೆನಾ? ಎಷ್ಟು?’ ಅಂತ ಕೇಳುತ್ತಾರೆ. ಎಐ ಬಹಳಷ್ಟು ಸಲ ಹಾಗೆ ಕೇಳುವುದಿಲ್ಲ, ತನಗೆ ತೋಚಿದ ಎಣ್ಣೆ ತುಂಬಿ ಕೊಟ್ಟುಬಿಡುತ್ತದೆ. ಇಷ್ಟು ಹೇಳಿದರೆ ಎಂಟು ವರ್ಷದ ಮಗುವಿಗೂ ಅರ್ಥ ಆಗುತ್ತದೆ.

ಇನ್ನೊಂದು ಮಾತು. ಇಂಗ್ಲಿಷಿಗೆ ಹೋಲಿಸಿದರೆ ಎಐ ಓದಿರುವ ಕನ್ನಡ ಬರಹ ತುಂಬಾ ಕಡಿಮೆ. ನಮ್ಮ ಊರು, ಜಾತ್ರೆ, ಬೆಳೆ, ಸ್ಥಳೀಯ ಚರಿತ್ರೆಯ ವಿಷಯ ಬಂದಾಗ ತಪ್ಪು ಜಾಸ್ತಿ ಆಗುವುದು ಅದಕ್ಕೇ. ಹಾಗಂತ ಮಗುವಿಗೆ ಇಂಗ್ಲಿಷಿನಲ್ಲೇ ಕೇಳು ಅಂತ ಒತ್ತಾಯ ಮಾಡಬೇಡಿ. ಯೋಚನೆ ಮಾಡುವ ಭಾಷೆಯಲ್ಲೇ ಪ್ರಶ್ನೆ ಹುಟ್ಟಬೇಕು.

ಹೆಜ್ಜೆ 3: ಒಂದೇ ಪದವನ್ನು ಪೂರ್ತಿ ಪ್ರಶ್ನೆಯಾಗಿ ಬೆಳೆಸಿ

ಈಗ ಫೋನ್ ತಗೊಳ್ಳಿ. ‘ಚೆನ್ನಮ್ಮ’ ಅಂತ ಒಂದೇ ಪದ ಕಳಿಸಿ, ಉತ್ತರವನ್ನು ಮಗುವಿನ ಜೊತೆ ಓದಿ. ನಮ್ಮ ಚರಿತ್ರೆಯಲ್ಲಿ ಹೆಸರಾದ ಚೆನ್ನಮ್ಮ ಇಬ್ಬರಿದ್ದಾರೆ. ಕೆಳದಿಯ ಚೆನ್ನಮ್ಮ 17ನೇ ಶತಮಾನದವಳು, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದವಳು. ಕಿತ್ತೂರಿನ ಚೆನ್ನಮ್ಮ 1824ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಯುದ್ಧ ಮಾಡಿದವಳು. ಒಂದೇ ಪದ ಕೊಟ್ಟರೆ ಎಐ ಇಬ್ಬರಲ್ಲಿ ಒಬ್ಬರನ್ನು ತಾನೇ ಆರಿಸಿಕೊಳ್ಳುತ್ತದೆ, ಒಮ್ಮೊಮ್ಮೆ ಒಬ್ಬಳ ಕಥೆಯನ್ನು ಇನ್ನೊಬ್ಬಳಿಗೆ ಸೇರಿಸಿಬಿಡಬಹುದು.

‘ಇದಕ್ಕೆ ಯಾವ ಚೆನ್ನಮ್ಮ ಅಂತ ಹೇಗೆ ಗೊತ್ತಾಗಬೇಕು?’ ಅಂತ ಮಗುವನ್ನು ಕೇಳಿ. ಮಗು ‘ಕಿತ್ತೂರು ಚೆನ್ನಮ್ಮನ ಬಗ್ಗೆ ಹೇಳು’ ಅಂತ ತಿದ್ದುತ್ತದೆ. ಉತ್ತರ ಈಗ ಸರಿಯಾದ ವ್ಯಕ್ತಿಯದ್ದೇ, ಆದರೆ ತುಂಬಾ ಉದ್ದ. ‘ಇಷ್ಟರಲ್ಲಿ ನಿನಗೆ ಬೇಕಾದ್ದು ಯಾವುದು?’ ಅಂತ ಕೇಳಿ. ಯಾಕೆ ಯುದ್ಧ ಆಯ್ತು ಅನ್ನುವುದು ಮಗುವಿಗೆ ಬೇಕು. ‘ಯಾವುದಕ್ಕೆ ಬೇಕು? ಎಷ್ಟು ಬೇಕು?’ ಪ್ರಾಜೆಕ್ಟಿಗೆ ಬೇಕು, ಕ್ಲಾಸಿನಲ್ಲಿ ಎರಡು ನಿಮಿಷ ಮಾತಾಡಬೇಕು. ಹೀಗೆ ಒಂದೊಂದೇ ಕೇಳುತ್ತಾ ಹೋದರೆ ಕೊನೆಗೆ ಮಗುವೇ ಬರೆಯುವ ಪ್ರಶ್ನೆ ಹೆಚ್ಚುಕಡಿಮೆ ಹೀಗಿರುತ್ತದೆ:

‘ನಾನು ಏಳನೇ ಕ್ಲಾಸು. ಕಿತ್ತೂರು ಚೆನ್ನಮ್ಮ 1824ರಲ್ಲಿ ಬ್ರಿಟಿಷರ ಜೊತೆ ಯುದ್ಧ ಮಾಡಿದಳು ಅಂತ ಗೊತ್ತು. ಆದರೆ ದತ್ತು ಮಗನಿಗೂ ಯುದ್ಧಕ್ಕೂ ಏನು ಸಂಬಂಧ ಅಂತ ಅರ್ಥ ಆಗಲಿಲ್ಲ. ಅದನ್ನು ಸುಲಭವಾದ ಕನ್ನಡದಲ್ಲಿ ಐದಾರು ವಾಕ್ಯದಲ್ಲಿ ಹೇಳು.’

‘ಅಂತ ಗೊತ್ತು’ ಮತ್ತು ‘ಅರ್ಥ ಆಗಲಿಲ್ಲ’ ಅನ್ನುವ ಎರಡು ಮಾತು ಇದರಲ್ಲಿವೆ, ನೋಡಿ. ಕ್ಲಾಸು, ಉದ್ದ, ಭಾಷೆ ಇವೆಲ್ಲ ಮಗು ಬೇಗ ಕಲಿಯುತ್ತದೆ. ಆ ಎರಡು ಮಾತು ಬರಬೇಕಾದರೆ ಮಾತ್ರ ಪುಸ್ತಕ ಒಮ್ಮೆಯಾದರೂ ಓದಿರಬೇಕು. ಅದಕ್ಕೇ ನಮ್ಮ ಮನೆಗಳಲ್ಲಿ ಒಂದು ನಿಯಮ ಇದ್ದರೆ ಒಳ್ಳೆಯದು: ಪಾಠ ಓದದೆ ಎಐ ಹತ್ತಿರ ಹೋಗುವ ಹಾಗಿಲ್ಲ.

ಹೆಜ್ಜೆ 4: ಕಣ್ಣಾರೆ ಕಂಡದ್ದನ್ನು ಬರೆಯಲಿ

ವಿಜ್ಞಾನದ ಚಟುವಟಿಕೆಗೆ ಹೆಸರುಕಾಳು ಮೊಳಕೆ ಕಟ್ಟಿದ್ದಾರೆ, ಮೊಳಕೆ ಬರಲಿಲ್ಲ. ‘ಮೊಳಕೆ ಯಾಕೆ ಬರಲಿಲ್ಲ?’ ಅಂತ ಕೇಳಿದರೆ ಹತ್ತು ಕಾರಣಗಳ ಪಟ್ಟಿ ಬರುತ್ತದೆ. ಕಾಳು ಹಳೆಯದು, ನೀರು ಕಡಿಮೆ, ನೀರು ಜಾಸ್ತಿ, ಚಳಿ, ಹೀಗೆ. ಯಾವುದು ತನ್ನ ಕಾಳಿಗೆ ಹೊಂದುತ್ತದೆ ಅಂತ ಮಗುವಿಗೆ ತಿಳಿಯುವುದಿಲ್ಲ.

ಆಗ ಮಗುವನ್ನು ಮತ್ತೆ ಬಟ್ಟೆಯ ಗಂಟಿನ ಹತ್ತಿರ ಕಳಿಸಿ. ಬಿಚ್ಚಿ ನೋಡಲಿ, ಮುಟ್ಟಲಿ, ಮೂಸಲಿ. ಆಮೇಲೆ ಬರೆಯಲಿ: ‘ಹೆಸರುಕಾಳನ್ನು ರಾತ್ರಿಯಿಡೀ ನೆನೆಸಿದೆ. ಬೆಳಿಗ್ಗೆ ನೀರು ಪೂರ್ತಿ ಬಸಿಯದೆ ಬಟ್ಟೆಯಲ್ಲಿ ಕಟ್ಟಿ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದೆ. ಎರಡು ದಿನ ಆಯ್ತು. ಕಾಳು ಉಬ್ಬಿದೆ, ಲೋಳೆಯಾಗಿದೆ, ಹುಳಿ ವಾಸನೆ ಬರುತ್ತಿದೆ. ಏನಾಗಿರಬಹುದು?’ ಈಗ ಉತ್ತರ ನಿಂತ ನೀರು, ಗಾಳಿ ಇಲ್ಲದಿರುವುದು, ಕೊಳೆಯುವಿಕೆ ಇವುಗಳ ಸುತ್ತಲೇ ಬರುತ್ತದೆ. ಮೊಳಕೆಯೊಡೆಯುವಾಗ ಬೀಜವೂ ಉಸಿರಾಡುತ್ತದೆ, ಅದಕ್ಕೆ ಆಮ್ಲಜನಕ ಬೇಕು ಅನ್ನುವ ಪಾಠದ ಸಾಲು ಆ ಮಗುವಿಗೆ ಅವತ್ತು ನಿಜವಾಗಿ ಅರ್ಥ ಆಗುತ್ತದೆ.

ಹೆಜ್ಜೆ 5: ‘ಉತ್ತರ ಹೇಳಬೇಡ’ ಅನ್ನುವುದನ್ನು ಕಲಿಸಿ

ಗಣಿತದಲ್ಲಿ ಇದು ಎಲ್ಲಕ್ಕಿಂತ ಮುಖ್ಯ. 1/3 + 1/4 ಎಷ್ಟು ಅಂತ ಕೇಳಿದರೆ ಎಐ 7/12 ಅಂತ ಹೇಳಿಬಿಡುತ್ತದೆ. ಲೆಕ್ಕ ಮುಗೀತು, ಕಲಿತದ್ದು ಏನೂ ಇಲ್ಲ. ಬದಲಿಗೆ ಮಗು ತನ್ನದೇ ಲೆಕ್ಕವನ್ನು, ತಪ್ಪಿದ್ದರೆ ತಪ್ಪಿನ ಸಮೇತ, ಮುಂದಿಡಲಿ:

‘1/3 + 1/4 ಕೂಡಿಸಿದಾಗ ನನಗೆ 2/7 ಬಂತು. ಮೇಲಿನದ್ದು ಮೇಲೆ ಕೂಡಿಸಿದೆ, ಕೆಳಗಿನದ್ದು ಕೆಳಗೆ ಕೂಡಿಸಿದೆ. ಟೀಚರ್ ತಪ್ಪು ಅಂದರು. ಸರಿ ಉತ್ತರ ಹೇಳಬೇಡ. ನನ್ನ ತಪ್ಪು ನನಗೇ ಕಾಣುವ ಹಾಗೆ ಒಂದೇ ಒಂದು ಪ್ರಶ್ನೆ ಕೇಳು.’

ಎಐ ಬಹುಶಃ ‘2/7 ದೊಡ್ಡದಾ, 1/3 ದೊಡ್ಡದಾ?’ ಅನ್ನುವಂಥದ್ದನ್ನು ಕೇಳುತ್ತದೆ. ಮಗು ಒಂದು ಹಾಳೆ ಪಟ್ಟಿಯನ್ನು ಮೂರು ಪಾಲು, ಅಷ್ಟೇ ಉದ್ದದ ಇನ್ನೊಂದನ್ನು ಏಳು ಪಾಲು ಮಾಡಿ ನೋಡಲಿ. 2/7 ಅನ್ನುವುದು 1/3ಕ್ಕಿಂತ ಚಿಕ್ಕದು. ಕೂಡಿಸಿದ ಮೇಲೆ ಕಡಿಮೆ ಹೇಗಾಯ್ತು? ಅಲ್ಲಿಗೆ ಮಗು ತಾನಾಗೇ ತಡೆದು ನಿಲ್ಲುತ್ತದೆ. ಛೇದ ಒಂದೇ ಮಾಡಿಕೊಳ್ಳಬೇಕು ಅನ್ನುವ ನಿಯಮ ಯಾಕಿದೆ ಅಂತ ಆಗ ಹೊಳೆಯುತ್ತದೆ. ಎಐ ಮಾತು ಕೇಳದೆ ಉತ್ತರ ಹೇಳಿಯೇಬಿಟ್ಟರೆ, ಮಗು ‘ನಾನು ಉತ್ತರ ಕೇಳಲಿಲ್ಲ, ಪ್ರಶ್ನೆ ಕೇಳು ಅಂದೆ’ ಅಂತ ಮತ್ತೆ ಬರೆಯಲಿ. ಹಾಗೆ ಹೇಳುವ ಧೈರ್ಯವೂ ಬೇಕು.

ಪ್ರಬಂಧಕ್ಕೂ ಇದೇ ದಾರಿ. ‘ನನ್ನ ಪ್ರಬಂಧ ಚೆನ್ನಾಗಿದೆಯಾ?’ ಅಂತ ಕೇಳಿದರೆ ಹೊಗಳಿಕೆಯೇ ಜಾಸ್ತಿ ಸಿಗುತ್ತದೆ. ‘ಓದುವವರಿಗೆ ಗೊಂದಲ ಆಗುವ ಎರಡು ಜಾಗ ತೋರಿಸು. ನೀನು ತಿದ್ದಿ ಬರೆಯಬೇಡ, ನಾನೇ ತಿದ್ದುತ್ತೇನೆ’ ಅಂತ ಕೇಳಲಿ.

ಹೆಜ್ಜೆ 6: ಎರಡನೇ ಪ್ರಶ್ನೆ

ಮೊದಲ ಉತ್ತರಕ್ಕೇ ತೃಪ್ತಿಯಾಗಿ ಎದ್ದು ಹೋಗುವುದು ಮಕ್ಕಳ ಸ್ವಭಾವ. ಉತ್ತರದಲ್ಲಿ ಅರ್ಥವಾಗದ ಒಂದು ಪದ ಅಥವಾ ಒಂದು ವಾಕ್ಯ ಹುಡುಕಿ ಅದರ ಮೇಲೆ ಇನ್ನೊಂದು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಸಿ. ‘ಮೂರನೇ ಸಾಲು ಅರ್ಥ ಆಗಲಿಲ್ಲ, ಒಂದು ಉದಾಹರಣೆ ಕೊಡು’ ಅಂದರೂ ಸಾಕು. ಒಂದೇ ಚಾಟ್‌ನಲ್ಲಿ ಹಿಂದಿನ ಮಾತು ಎಐ ಮುಂದೆ ಇರುವುದರಿಂದ ಎಲ್ಲವನ್ನೂ ಮತ್ತೆ ಬರೆಯಬೇಕಾಗಿಲ್ಲ. ವಿಷಯ ಬದಲಾದರೆ ಮಾತ್ರ ಹೊಸ ಚಾಟ್ ತೆರೆಯಲಿ. ಇಲ್ಲದಿದ್ದರೆ ಚೆನ್ನಮ್ಮನೂ ಭಿನ್ನರಾಶಿಯೂ ಕಲಸಿಹೋಗಬಹುದು.

ಹೆಜ್ಜೆ 7: ತಪ್ಪು ಊಹೆಯನ್ನು ಪ್ರಶ್ನೆಯೊಳಗೆ ಸೇರಿಸಬಾರದು

ಇದಕ್ಕೊಂದು ಪ್ರಯೋಗ ಮಾಡಿ. ಬೇಕಂತಲೇ ತಪ್ಪು ಪ್ರಶ್ನೆ ಕೇಳಿ: ‘ಕುವೆಂಪು ಧಾರವಾಡದಲ್ಲಿ ಯಾವ ವರ್ಷ ಹುಟ್ಟಿದರು?’ ಧಾರವಾಡದಲ್ಲಿ 1896ರಲ್ಲಿ ಹುಟ್ಟಿದವರು ಬೇಂದ್ರೆ. ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ಚಿಕ್ಕಮಗಳೂರು ಜಿಲ್ಲೆಯ ಹಿರೇಕೊಡಿಗೆಯಲ್ಲಿ. ಎಐ ತಪ್ಪನ್ನು ತೋರಿಸಿದರೆ ಒಳ್ಳೆಯದು. ಊರಿನ ತಪ್ಪನ್ನು ಹಾಗೇ ಬಿಟ್ಟು ಬರೀ ವರ್ಷ ಹೇಳಿದರೆ, ನಮ್ಮ ತಪ್ಪಿನ ಮೇಲೇ ಉತ್ತರ ಕಟ್ಟಿದ್ದನ್ನು ಮಗುವಿಗೆ ತೋರಿಸಿ. ‘ಕುವೆಂಪು ಎಲ್ಲಿ, ಯಾವಾಗ ಹುಟ್ಟಿದರು?’ ಅಂತ ಕೇಳಿದ್ದರೆ ಆ ತೊಂದರೆಯೇ ಇರುತ್ತಿರಲಿಲ್ಲ. ಖಚಿತವಾಗಿ ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನುವ ಹಾಗೆ ಬರೆಯಬಾರದು. ‘ನನಗೆ ಹೀಗನ್ನಿಸುತ್ತದೆ, ಸರಿಯಾ?’ ಅಂತ ಬರೆಯಬಹುದು.

ಹೆಜ್ಜೆ 8: ತಾಳೆ ನೋಡುವುದು

ಉತ್ತರದಲ್ಲಿ ಬರುವ ಹೆಸರು, ಇಸವಿ, ಅಂಕಿ ಈ ಮೂರಕ್ಕೂ ಮಗು ಪೆನ್ಸಿಲ್‌ನಿಂದ ಗುರುತು ಹಾಕಲಿ. ಪ್ರತಿಯೊಂದನ್ನೂ ಪುಸ್ತಕದಲ್ಲಿ ಹುಡುಕಲಿ. ರಾಜ್ಯ ಪಠ್ಯಕ್ರಮದ ಪುಸ್ತಕಗಳ ಪಿಡಿಎಫ್ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಶಾಲೆಯ ಲೈಬ್ರರಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ಇದ್ದರಂತೂ ಮಕ್ಕಳಿಗೆ ಅದನ್ನು ತೆಗೆದು ನೋಡುವ ರುಚಿ ಹತ್ತಿಸಲೇಬೇಕು.

ಚೆನ್ನಮ್ಮನ ಪ್ರಶ್ನೆಯನ್ನೇ ತಗೊಳ್ಳಿ. ದತ್ತು ಮಗನ ಮಾತು ಬಂದ ಕೂಡಲೇ ‘ಡಾಲ್‌ಹೌಸಿಯ ನೀತಿಯಿಂದಾಗಿ ಯುದ್ಧ ಆಯ್ತು’ ಅಂತ ಉತ್ತರ ಬರಬಹುದು. ದತ್ತು ಮಕ್ಕಳ ಹಕ್ಕನ್ನು ಒಪ್ಪದೆ ರಾಜ್ಯ ಕಸಿಯುವ ನೀತಿಗೆ ಡಾಲ್‌ಹೌಸಿಯ ಹೆಸರೇ ಅಂಟಿಕೊಂಡಿದೆ ನಿಜ. ಆದರೆ ಅವನು ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತ ಯುದ್ಧ ನಡೆದದ್ದು 1824ರ ಅಕ್ಟೋಬರ್ 23ರಂದು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರಲ್ಲಿ. ಈ ಇಸವಿಗಳನ್ನು ಒಂದರ ಕೆಳಗೊಂದು ಬರೆದರೆ ಏಳನೇ ಕ್ಲಾಸಿನ ಮಗು ತಾನೇ ‘ಇದು ಹೇಗೆ ಸಾಧ್ಯ?’ ಅನ್ನುತ್ತದೆ. ಆ ಪ್ರಶ್ನೆಯನ್ನೇ ಎಐಗೆ ವಾಪಸ್ ಕೇಳಲಿ: ‘ಡಾಲ್‌ಹೌಸಿ ಬಂದದ್ದು 1848ರಲ್ಲಿ ಅಲ್ವಾ? 1824ರ ಯುದ್ಧಕ್ಕೆ ಅವನು ಹೇಗೆ ಕಾರಣ?’ ಒಂದು ಮಗು ಹೀಗೆ ಎದುರು ಪ್ರಶ್ನೆ ಹಾಕಿದ ದಿನ ನೀವು ಧೈರ್ಯವಾಗಿ ಸ್ವಲ್ಪ ದೂರ ಕೂರಬಹುದು.

ಅದೇ ಪ್ರಶ್ನೆಯನ್ನು ಹೊಸ ಚಾಟ್‌ನಲ್ಲಿ ಇನ್ನೊಮ್ಮೆ ಕೇಳಿ ನೋಡುವುದೂ ಒಳ್ಳೆಯದು. ಎರಡು ಉತ್ತರ ಬೇರೆ ಬೇರೆ ಬಂದರೆ ಅಲ್ಲಿ ಪುಸ್ತಕ ತೆರೆಯಲೇಬೇಕು. ಎರಡೂ ಒಂದೇ ಬಂದರೂ ಪುಸ್ತಕದ ಕೆಲಸ ತಪ್ಪುವುದಿಲ್ಲ.

ಟೈಪ್ ಮಾಡುವುದು, ಮಾತಲ್ಲಿ ಹೇಳುವುದು

ಕನ್ನಡ ಟೈಪಿಂಗ್ ಕಷ್ಟ ಅಂತ ಮಕ್ಕಳು ಒಂದೇ ಪದ ಹಾಕುವುದೂ ಇದೆ. ಕೀಬೋರ್ಡಿನ ಮೈಕ್ ಒತ್ತಿ ಮಾತಾಡಿದರೆ ಸುಲಭ. ಆದರೆ ಹೇಳಿದ್ದು ಒಂದು, ಪರದೆಯ ಮೇಲೆ ಬಂದದ್ದು ಇನ್ನೊಂದು ಆಗುವುದುಂಟು. ಮನೆಯ ಆಡುಮಾತಿನಲ್ಲಿ ಹೇಳಿದಾಗ ಇನ್ನೂ ಜಾಸ್ತಿ. ಕಳಿಸುವ ಮೊದಲು ಗಟ್ಟಿಯಾಗಿ ಒಮ್ಮೆ ಓದಲಿ. ಅಂಕಿ ಮತ್ತು ಭಿನ್ನರಾಶಿಗಳನ್ನು ಟೈಪ್ ಮಾಡುವುದೇ ವಾಸಿ. ಕಾಗುಣಿತ ತಪ್ಪಿದರೆ ಬೈಯಬೇಡಿ, ಎಐಗೆ ಅರ್ಥ ಆಗುತ್ತದೆ.

ಹೇಳಬಾರದ್ದು, ಕೇಳಬಾರದ್ದು

ಪೂರ್ತಿ ಹೆಸರು, ಶಾಲೆಯ ಹೆಸರು, ವಿಳಾಸ, ಫೋನ್ ನಂಬರ್, ಮನೆಯವರ ಫೋಟೊ ಇವು ಯಾವುದೂ ಬೇಡ. ‘ಏಳನೇ ಕ್ಲಾಸು’ ಅಂದರೆ ಸಾಕು. ನೋಟ್‌ಬುಕ್ಕಿನ ಫೋಟೊ ಹಾಕುವಾಗ ಹೆಸರಿನ ಚೀಟಿ ಮುಚ್ಚಲಿ.

ಇನ್ನು ಕೆಲವು ಪ್ರಶ್ನೆಗಳು ಮನುಷ್ಯರಿಗೇ ಸೇರಿದವು. ಗೆಳೆಯರು ಮಾತು ಬಿಟ್ಟಿದ್ದಾರೆ, ಯಾರೋ ಹೆದರಿಸುತ್ತಿದ್ದಾರೆ, ಮೈಯಲ್ಲಿ ಏನೋ ಬದಲಾವಣೆ ಆಗುತ್ತಿದೆ ಅನ್ನುವಂಥವು ಅಮ್ಮನ ಹತ್ತಿರವೋ ಅಪ್ಪನ ಹತ್ತಿರವೋ ನಂಬುವ ಟೀಚರ್ ಹತ್ತಿರವೋ ಬರಬೇಕು. ಹಾಗೆ ಬಂದಾಗ ನಾವು ಕೈಲಿರುವ ಕೆಲಸ ಬಿಟ್ಟು ಕೇಳಬೇಕು. ‘ಆಮೇಲೆ ಹೇಳು’ ಅಂತ ದಿನವೂ ಕಳಿಸಿದರೆ, ಸದಾ ಉತ್ತರ ಕೊಡುವ ಯಂತ್ರದ ಹತ್ತಿರವೇ ಮಗು ಹೋಗುತ್ತದೆ. ಊರಿನ ಕೆರೆ ಯಾರು ಕಟ್ಟಿಸಿದರು, ಜಾತ್ರೆ ಹೇಗೆ ಶುರುವಾಯ್ತು ಅನ್ನುವುದಕ್ಕೆ ಅಜ್ಜಿ ತಾತಂದಿರೇ ಬೇಕು. ಎಐಗೆ ಬರೆದಷ್ಟೇ ಕಾಳಜಿಯಿಂದ ಅಜ್ಜಿಗೆ ಕೇಳುವ ಐದು ಪ್ರಶ್ನೆಗಳನ್ನೂ ಮಗು ಮೊದಲೇ ಬರೆದುಕೊಂಡು ಹೋಗಲಿ.

ಶಾಲೆಯಲ್ಲಿ ಒಂದೇ ಫೋನ್ ಇದ್ದರೆ

ಟೀಚರ್‌ಗಳು ಒಂದೇ ಫೋನ್‌ನಲ್ಲಿ ಇಡೀ ತರಗತಿಗೆ ಇದನ್ನು ಕಲಿಸಬಹುದು. ಒಂದು ವಿಷಯ ಕೊಟ್ಟು ನಾಲ್ಕೈದು ಮಕ್ಕಳ ಗುಂಪು ಮಾಡಿ. ಪ್ರತಿ ಗುಂಪೂ ಒಂದೇ ಪ್ರಶ್ನೆ ತಯಾರಿಸಿ ಬೋರ್ಡ್ ಮೇಲೆ ಬರೆಯಲಿ. ಯಾವ ಪ್ರಶ್ನೆಗೆ ಎಂಥ ಉತ್ತರ ಬರಬಹುದು ಅಂತ ತರಗತಿ ಮೊದಲೇ ಊಹಿಸಲಿ. ಆಮೇಲೆ ಟೀಚರ್ ಎರಡು ಪ್ರಶ್ನೆ ಆರಿಸಿಕೊಂಡು ಟೈಪ್ ಮಾಡಿ ಉತ್ತರವನ್ನು ಗಟ್ಟಿಯಾಗಿ ಓದಲಿ. ಊಹೆಗೂ ಉತ್ತರಕ್ಕೂ ಎಲ್ಲಿ ವ್ಯತ್ಯಾಸ ಬಂತು, ಪ್ರಶ್ನೆಯಲ್ಲಿ ಯಾವ ಪದ ಸೇರಿಸಿದ್ದರೆ ಸರಿಹೋಗುತ್ತಿತ್ತು ಅನ್ನುವ ಚರ್ಚೆಗೇ ಪೀರಿಯಡ್‌ನ ಹೆಚ್ಚು ಸಮಯ ಕೊಡಿ. ಹಿಂದಿನ ಬೆಂಚಿನ, ಮಾತಾಡದ ಮಕ್ಕಳ ಪ್ರಶ್ನೆಯನ್ನು ಮೊದಲು ಆರಿಸಿ. ಉಳಿದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ, ಮುಂದಿನ ವಾರದ ಪೀರಿಯಡ್ ಅವುಗಳಿಂದಲೇ ಶುರುವಾಗಲಿ.